ಶಹಾಬಾದಿನ ಕಲ್ಲು ಮತ್ತು ನಮ್ಮನೆ ನೆಲ

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಕಲಬುರಗಿ ಕಡೆ ಹೋಗುವವರು ಬೆಳಗ್ಗೆ ಯಾದಗಿರಿ ದಾಟಿದ ಮೇಲೆ ಸ್ವಲ್ಪ ಹೊತ್ತು ಮೊಬೈಲ್ ಜೇಬಿಗಿಟ್ಟು ಕಿಟಕಿ ಪಕ್ಕ ಕೂರಬೇಕು. ನಾಲವಾರ, ವಾಡಿ, ಶಹಾಬಾದ್ ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಹೊಲದ ಬೇಲಿಗೂ ಕಲ್ಲು, ಮನೆಯ ಗೋಡೆಗೂ ಕಲ್ಲು, ಕೆಲವು ಕಡೆ ಮೇಲಿನ ಮಾಳಿಗೆಗೂ ಕಲ್ಲು. ಉಂಡೆ ಕಲ್ಲಲ್ಲ, ರೊಟ್ಟಿಯ ಹಾಗೆ ತೆಳ್ಳಗೆ ಎದ್ದು ಬರುವ ಚಪ್ಪಡಿ. ಹಳಿ ಪಕ್ಕದ ಬಯಲಿನಲ್ಲಿ ಅವನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಗ್ರಂಥಾಲಯದ ರ‍್ಯಾಕಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ.

ಇದೇ ಶಹಾಬಾದ್ ಕಲ್ಲು. ನಮ್ಮ ಕಡೆ ಬಾಯಲ್ಲಿ ಅದು ‘ಶಾಬಾದಿ ಫರಸಿ’. ಉತ್ತರ ಕರ್ನಾಟಕದಲ್ಲಿ ಹುಟ್ಟಿದ್ದರೆ ನೀವು ಅಂಬೆಗಾಲಿಟ್ಟಿದ್ದು ಬಹುಶಃ ಇದರ ಮೇಲೆಯೇ. ದಕ್ಷಿಣದವರಾದರೆ ಹಳೆ ಶಾಲೆಯ ವರಾಂಡದಲ್ಲೋ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲೋ ತುಳಿದಿರಬಹುದು.

ಹತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಒಂದು ಸಲವೂ ಶಹಾಬಾದಿನಲ್ಲಿ ಇಳಿದಿರಲಿಲ್ಲ. ಕಳೆದ ವರ್ಷ ಜನವರಿಯಲ್ಲಿ ಇಳಿದೆ. ಟೂರಿಗೆ ಅಂತ ಅಲ್ಲ. ನಮ್ಮಪ್ಪ ನಮ್ಮದೇ ಮನೆಯ ನೆಲದ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ಆ ನೆಲವನ್ನು ಜಾರುವ ಹಾಗೆ ಮಾಡಿದ್ದು ನಾನು.

ಮದುವೆ ಮನೆಯ ಹೊಳಪು

ಕಲಬುರಗಿಯ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಪಡಸಾಲೆ, ಎರಡು ಕೋಣೆ, ಅಡುಗೆಮನೆ, ಹಿತ್ತಲು. ಎಲ್ಲ ಕಡೆ ಎರಡಡಿ ಚೌಕದ ಬೂದು ಫರಸಿ. ನಮ್ಮೂರಿನ ಬೇಸಿಗೆ ಗೊತ್ತಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ನೆಲಕ್ಕೆ ನೀರು ಒರೆಸಿ, ಚಾಪೆಯನ್ನೂ ಹಾಸದೆ ಬರೀ ಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗುವುದು ನಮ್ಮ ಏಸಿ. ಅವ್ವ ಇವತ್ತಿಗೂ ಹಾಗೇ ಮಲಗುತ್ತಾಳೆ.

ತಂಗಿಯ ಮದುವೆ ಮೇನಲ್ಲಿ ಅಂತ ಗೊತ್ತಾಯಿತು. ಮನೆಗೆ ಬಣ್ಣ ಹೊಡೆಸುವ ಜವಾಬ್ದಾರಿ ನನ್ನದು. ಗೋಡೆಗಳು ಹೊಸದಾದ ಮೇಲೆ ನೆಲ ತೀರಾ ಹಳೆಯದಾಗಿ ಕಾಣತೊಡಗಿತು. ನಡೆದು ನಡೆದು ಮಂಕಾದ ದಾರಿ, ಅಡುಗೆಮನೆ ಬಾಗಿಲಲ್ಲಿ ಎಣ್ಣೆಯ ಕಪ್ಪು, ದೇವರ ಕೋಣೆಯಲ್ಲಿ ಕುಂಕುಮದ ಕಲೆ. ಬೆಂಗಳೂರಿನಲ್ಲಿ ಕೂತು ರಾತ್ರಿ ಎರಡು ಗಂಟೆ ವೀಡಿಯೊ ನೋಡಿದೆ. ‘ನ್ಯಾಚುರಲ್ ಸ್ಟೋನಿಗೆ ಸೀಲರ್ ಹಾಕಿಸಿ’ ಅನ್ನುವುದೊಂದು ತಲೆಯಲ್ಲಿ ಕೂತಿತು. ಮರುದಿನ ಫೋನಿನಲ್ಲೇ ಒಬ್ಬ ಕಂಟ್ರಾಕ್ಟರನ್ನು ಗೊತ್ತು ಮಾಡಿದೆ. ಸೀಲರಿನಲ್ಲಿ ಬಗೆಗಳಿವೆ ಅಂತ ನನಗೂ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಅವನ ಹುಡುಗರು ಬಂದರು. ಮೊದಲು ಆ್ಯಸಿಡ್ ಸುರಿದು ತಿಕ್ಕಿ ನೆಲ ‘ಕ್ಲೀನ್’ ಮಾಡಿದರು. ಮರುದಿನ ಮೇಲೊಂದು ಪಾರದರ್ಶಕ ಲೇಪ ಎಳೆದರು. ಸಂಜೆ ಅವ್ವ ವೀಡಿಯೊ ಕಾಲ್ ಮಾಡಿ ತೋರಿಸಿದಳು. ಟ್ಯೂಬ್‌ಲೈಟು ನೆಲದಲ್ಲಿ ಕನ್ನಡಿಯ ಹಾಗೆ ಕಾಣುತ್ತಿತ್ತು.

“ಚಂದ ಅದ, ಖರೇ. ಆದ್ರ ಕಾಲಿಗಿ ಅಂಟಿದಂಗ ಆಗ್ಲತ್ತದ” ಅಂದಳು.

“ಎರಡು ದಿನ ಆದ್ರ ಸರಿ ಹೋಗ್ತದ ಬಿಡವ್ವ” ಅಂದೆ.

ಮದುವೆಗೆ ಬಂದವರೆಲ್ಲ ಹೊಗಳಿದರು. “ಟೈಲ್ಸ್ ಹಾಕ್ಸೀರೇನ್ರಿ?” ಅಂತ ಕೇಳಿದವರಿಗೆ “ಇಲ್ರಿ, ಹಳೇ ಫರಸಿನೇ” ಅನ್ನುವಾಗ ನನಗೆ ಒಳ್ಳೆ ಹೆಮ್ಮೆ.

ಜುಲೈಯಲ್ಲಿ ಮಳೆ ಹಿಡಿಯಿತು. ಗೋಡೆ ಪಕ್ಕದ ಕಲ್ಲುಗಳ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಎದ್ದವು. ಆಮೇಲೆ ಲೇಪ ಹಪ್ಪಳದ ಹಾಗೆ ಉಬ್ಬಿ, ಅಂಚಿನಲ್ಲಿ ಸಿಪ್ಪೆ ಏಳತೊಡಗಿತು. ಕಂಟ್ರಾಕ್ಟರ್ ಫೋನ್ ಎತ್ತುವುದು ಬಿಟ್ಟ. ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಅಪ್ಪ ಸ್ನಾನ ಮಾಡಿ ಒದ್ದೆ ಕಾಲಿನಲ್ಲೇ ದೇವರ ಕೋಣೆಗೆ ಹೊರಟವರು ಜಾರಿದರು. ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್.

ಹತ್ತಾರು ವರ್ಷ ಅದೇ ಒದ್ದೆ ಕಾಲಿನಲ್ಲಿ, ಅದೇ ಕಲ್ಲಿನ ಮೇಲೆ ನಡೆದವರು ಅವರು. ನನಗೆ ಅಪ್ಪ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

‘ಮ್ಯಾಲೆ ಟೈಲ್ಸ್ ಕೂಡ್ಸಿಬಿಡು’

ದೀಪಾವಳಿಗೆ ಹೋದಾಗ ಮನೆಯಲ್ಲಿ ಎರಡು ಪಕ್ಷ. ಅಪ್ಪ, ಚಿಕ್ಕಪ್ಪ ಒಂದು ಕಡೆ: “ಸಾಕಾತು. ಇದರ ಮ್ಯಾಲೆ ಟೈಲ್ಸ್ ಕೂಡ್ಸಿಬಿಡು, ಖಟಪಟಿ ಮುಗೀತದ.” ಅವ್ವ ಇನ್ನೊಂದು ಕಡೆ. ಅವಳು ವಾದ ಮಾಡಲಿಲ್ಲ. ಸಿಪ್ಪೆ ಎದ್ದ ಕಡೆ ಉಗುರಿನಿಂದ ಲೇಪ ಕೀಳುತ್ತಾ, “ಕಲ್ಲಿಗಿ ಏನೂ ಆಗಿಲ್ಲ ನೋಡು, ಇದರ ಮ್ಯಾಲಿಂದು ತೆಗದ್ರ ಸಾಕು” ಅಂತಷ್ಟೇ ಅಂದಳು.

ನಾನು ಮೂರು ತಿಂಗಳು ಸಮಯ ಕೇಳಿದೆ. ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಕೋಡ್ ಬದಲಿಸುವ ಮೊದಲು ಅದು ಯಾಕೆ ಹಾಗಿದೆ ಅಂತ ತಿಳಿದುಕೋ. ನೆಲದ ವಿಷಯದಲ್ಲಿ ನಾನು ಅದನ್ನು ಮಾಡಿರಲಿಲ್ಲ. ಹಾಗಾಗಿ ಕಲ್ಲು ಹುಟ್ಟುವ ಜಾಗಕ್ಕೇ ಹೋಗೋಣ ಅನಿಸಿತು.

ಗಣಿಯಲ್ಲಿ ಒಂದು ಬೆಳಗ್ಗೆ

ಶಹಾಬಾದ್ ಸ್ಟೇಷನ್ನಿನಿಂದ ಆಟೊ ಹಿಡಿದು ಊರಾಚೆ ಹೋದರೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಕಲ್ಲಿನ ಪದರ, ಅದರ ಕೆಳಗೆ ಇನ್ನೊಂದು ಪದರ. ಇದು ಭೀಮಾ ತೀರದ ಸುಣ್ಣದಕಲ್ಲು. 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲೊಂದು ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು. ಪದರ ಬಹುತೇಕ ಮಟ್ಟಸವಾಗಿಯೇ ಉಳಿದಿದೆ. ಅದಕ್ಕೇ ಇಲ್ಲಿ ಕಲ್ಲನ್ನು ಒಡೆಯುವುದಿಲ್ಲ, ಎಬ್ಬಿಸುತ್ತಾರೆ. ಮೊದಲು ಯಂತ್ರದ ಗರಗಸದಿಂದ ಚೌಕದ ಗೆರೆ ಕೊಯ್ಯುತ್ತಾರೆ. ಆಮೇಲೆ ಇಬ್ಬರು ಸೇರಿ ಹಾರೆ ತೂರಿಸಿ ಮೀಟಿದರೆ ಚಪ್ಪಡಿ ಮೆಲ್ಲಗೆ ಎದ್ದು ಬರುತ್ತದೆ, ಕಾವಲಿಯಿಂದ ದೋಸೆ ಎದ್ದ ಹಾಗೆ. ಸುತ್ತ ಬಿಳಿ ದೂಳು. ಕೆಲಸದವರು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು.

ಪಕ್ಕದ ಪಾಲಿಶ್ ಶೆಡ್ಡಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಮೊದಲು ಅವರಿಗೆ ನನ್ನ ಮೇಲೆ ಆಸಕ್ತಿಯೇ ಇರಲಿಲ್ಲ. ಲಾರಿ ಲೋಡ್ ಆಗುತ್ತಿತ್ತು. ಮೊಬೈಲಿನಲ್ಲಿ ನಮ್ಮ ಮನೆ ನೆಲದ ಫೋಟೊ ತೋರಿಸಿದೆ. ಝೂಮ್ ಮಾಡಿ ನೋಡಿ, “ಆ್ಯಸಿಡ್ ಹಾಕ್ಯಾರೇನು?” ಅಂತ ಕೇಳಿದರು.

“ಹೂಂ ಕಾಕಾ. ಹೆಂಗ ಗೊತ್ತಾತು?”

ಅವರು ಉತ್ತರ ಕೊಡಲಿಲ್ಲ. ಒಂದು ಹುಡುಗನನ್ನು ಚಹಾ ಅಂಗಡಿಗೆ ಕಳಿಸಿ ಲಿಂಬಿಹಣ್ಣು ತರಿಸಿದರು. ಪಾಲಿಶ್ ಆದ ಒಂದು ತುಂಡಿನ ಮೇಲೆ ನಾಲ್ಕು ಹನಿ ಹಿಂಡಿದರು. ಸಣ್ಣಗೆ ಗುಳ್ಳೆ ಎದ್ದವು. ಐದು ನಿಮಿಷ ಬಿಟ್ಟು ಒರೆಸಿದರೆ ಹೊಳಪಿನ ನಡುವೆ ನಾಲ್ಕು ಮಂಕು ಚುಕ್ಕೆ. ಕೈಯಾಡಿಸಿದರೆ ಉಳಿದ ಕಡೆಯಷ್ಟು ನುಣುಪಿಲ್ಲ.

“ಇದು ಕಲೆ ಅಲ್ಲ ತಮ್ಮಾ. ಕಲ್ಲೇ ತಿಂದು ಹೋಗ್ಯಾದ. ಎಷ್ಟು ತೊಳದ್ರೂ ಹೋಗಂಗಿಲ್ಲ, ಮತ್ತ ತಿಕ್ಕೇ ತೆಗೀಬೇಕು.”

ಪಿಯುಸಿ ಕೆಮಿಸ್ಟ್ರಿ ನೆನಪಾಯಿತು. ಸುಣ್ಣದಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಆಮ್ಲ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹೊರಟು ಕಲ್ಲು ಕರಗುತ್ತದೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಇರಲಿ, ಲಿಂಬೆ, ಹುಣಸೆ, ವಿನೆಗರ್ ಎಲ್ಲ ಇದೇ ಕೆಲಸ ಮಾಡುತ್ತವೆ. ಯಾವ ಸೀಲರ್ ಇದ್ದರೂ ಈ ಮಂಕು ಚುಕ್ಕೆ ಪೂರ್ತಿ ತಪ್ಪುವುದಿಲ್ಲ. ಕಲೆ ಒಳಗೆ ಇಳಿಯದ ಹಾಗೆ ತಡೆಯುವುದಷ್ಟೇ ಸೀಲರಿನ ಕೆಲಸ.

ಆಮೇಲೆ ಅವರು ಕೇಳಿದ ಎರಡನೇ ಪ್ರಶ್ನೆ ಇದಕ್ಕಿಂತ ದೊಡ್ಡದು: “ನಿಮ್ಮನಿ ಫರಸಿ ಕೆಳಗ ಏನದ? ಕಾಂಕ್ರೀಟೋ, ಮಣ್ಣೋ?”

ಮಣ್ಣು, ಅದರ ಮೇಲೆ ಸುಣ್ಣದ ಗಾರೆ. ಅಜ್ಜನ ಕಾಲದ್ದು.

“ಮತ್ತ ನೀರು ಮ್ಯಾಲೆ ಬರ್ತದ. ಮದಲ ಕಲ್ಲಿನಾಗಿಂದ, ಸಂದಿಯಾಗಿಂದ ಆರಿ ಹೋಗ್ತಿತ್ತು. ನೀ ಮ್ಯಾಲೆ ಪ್ಲಾಸ್ಟಿಕ್ ಹಚ್ಚಿದಿ. ಅದು ಎಲ್ಲಿ ಹೋಗಬೇಕು?”

ಅಷ್ಟೇ ವಿಷಯ. ಹಳೆ ಮನೆಯ ನೆಲದಡಿಯ ತೇವ ಬತ್ತಿ ಎಣ್ಣೆ ಹೀರಿದ ಹಾಗೆ ಮೇಲೇರುತ್ತದೆ. ಅದು ದಿನಾ ಸದ್ದಿಲ್ಲದೆ ಗಾಳಿಗೆ ಆರಿ ಹೋಗುತ್ತಿತ್ತು. ನಾನು ಹಾಕಿಸಿದ ಲೇಪ ಮೇಲೆ ಒಂದು ಮುಚ್ಚಳ ಕೂರಿಸಿತು. ಮಳೆಗಾಲದಲ್ಲಿ ತೇವ ಹೆಚ್ಚಾಯಿತು, ಹೊರಗೆ ಹೋಗಲು ದಾರಿಯಿಲ್ಲದೆ ಲೇಪವನ್ನೇ ಎತ್ತಿತು. ಟೈಲ್ಸ್ ಕೂಡಿಸಿದ್ದರೆ ತೇವ ಅಲ್ಲಿಗೆ ನಿಲ್ಲುತ್ತಿರಲಿಲ್ಲ, ಗೋಡೆ ಹತ್ತಿ ಹೊಸ ಬಣ್ಣ ಉದುರಿಸುತ್ತಿತ್ತು.

ಲಾರಿ ಹೊರಟಿತು. ಮೇಸ್ತ್ರಿ ಕೈ ತೊಳೆದು, ಕೆಲಸಕ್ಕೆ ಬರುವುದಾದರೆ ಎಷ್ಟಾಗುತ್ತದೆ ಅಂತ ದರ ಹೇಳಿದರು. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ. “ಮಾರ್ಚ್‌ನಾಗ ಬರ್ತೀನಿ. ಮಳಿಗಾಲದಾಗ ಮಾಡೋ ಕೆಲಸ ಅಲ್ಲ ಇದು” ಅಂದರು.

ಅದೇ ಕಲ್ಲು, ಎರಡು ಸಾವಿರ ವರ್ಷ

ಮಧ್ಯಾಹ್ನ ಇನ್ನೂ ಸಮಯವಿತ್ತು. ಗಾಡಿ ಮಾಡಿಕೊಂಡು ವಾಡಿ, ನಾಲವಾರದ ಮೇಲೆ ಸನ್ನತಿಗೆ ಹೋದೆ. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಇದೇ ಸುಣ್ಣದಕಲ್ಲನ್ನು ಪುಡಿ ಮಾಡಿ 1450 ಡಿಗ್ರಿ ಆಸುಪಾಸಿನಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ನೆಲದ ಫರಸಿ, ಅಜ್ಜಿಯ ಎಲೆ ಅಡಿಕೆ ಡಬ್ಬಿಯ ಸುಣ್ಣ, ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಿಮೆಂಟು, ಮೂರಕ್ಕೂ ಮೂಲ ಇಂಥದೇ ಕಲ್ಲು. ಎರಡೂ ಬದಿ ತೊಗರಿ ಕಟಾವಿನ ಹೊಲ. ರಸ್ತೆ ಮೇಲೆ ಹರಡಿದ ಹೊಟ್ಟಿನ ಮೇಲೆ ಗಾಡಿ ಹೋಗುವಾಗ ಬರೀ ಚರಚರ ಸದ್ದು.

ಸನ್ನತಿ ಭೀಮಾ ದಂಡೆಯ ಊರು. ಇಲ್ಲಿನ ಚಂದ್ರಲಾಂಬಾ ದೇವಸ್ಥಾನಕ್ಕೆ ಚಿಕ್ಕಂದಿನಲ್ಲಿ ಅವ್ವನ ಜೊತೆ ಬಂದಿದ್ದೆ. 1986ರಲ್ಲಿ ಇಲ್ಲಿನ ಕಾಳಿಯ ಗುಡಿಯ ಮಾಳಿಗೆ ಕುಸಿದು, ದುರಸ್ತಿ ಮಾಡುವಾಗ ಮೂರ್ತಿಯ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಯಾವುದೋ ಕಾಲದಲ್ಲಿ ಯಾರೋ ಒಂದು ಒಳ್ಳೆ ಚಪ್ಪಡಿ ಅಂತ ತಂದು, ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದು ಪೀಠ ಮಾಡಿಬಿಟ್ಟಿದ್ದರು. ಅಕ್ಷರದ ಬೆಲೆ ಗೊತ್ತಿಲ್ಲದೆ ತೂತು ಕೊರೆದವರನ್ನು ನೋಡಿ ನಗುವ ಹಾಗಿರಲಿಲ್ಲ ನಾನು. ಕಲ್ಲಿನ ಗುಣ ಗೊತ್ತಿಲ್ಲದೆ ಆ್ಯಸಿಡ್ ಸುರಿಸಿದವನು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕನಗನಹಳ್ಳಿ. ಭಾರತೀಯ ಪುರಾತತ್ವ ಇಲಾಖೆ 1994ರಿಂದ ಇಲ್ಲಿ ಉತ್ಖನನ ನಡೆಸಿದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅದರ ಒಂದು ಚಪ್ಪಡಿಯಲ್ಲಿ ಪರಿವಾರದ ನಡುವೆ ನಿಂತ ರಾಜನ ಕೆತ್ತನೆ ಇದೆ. ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಅಂತ ಹೆಸರು. ಹೆಸರಿನ ಸಮೇತ ಸಿಕ್ಕ ಅಶೋಕನ ಚಿತ್ರ ಅಂತ ಅದಕ್ಕೆ ಜಗತ್ತಿನಲ್ಲೇ ಹೆಸರು. ಶಾಲೆಯ ಪುಸ್ತಕದಲ್ಲಿ ಓದುವ ಅಶೋಕ ನಮ್ಮ ಜಿಲ್ಲೆಯಲ್ಲಿದ್ದಾನೆ ಅಂತ ನನ್ನ ಎಷ್ಟೋ ಸಹೋದ್ಯೋಗಿಗಳಿಗೆ ಗೊತ್ತಿಲ್ಲ. ನೀವು ಆ ಕಡೆ ಹೋದರೆ ತಪ್ಪಿಸಬೇಡಿ. ಕಲಬುರಗಿಯಿಂದ ಬೆಳಗ್ಗೆ ಹೊರಟರೆ ಶಹಾಬಾದ್, ಸನ್ನತಿ, ಕನಗನಹಳ್ಳಿ ಒಂದೇ ದಿನದಲ್ಲಿ ಆಗುತ್ತದೆ. ನೀರು, ಊಟ ಕಟ್ಟಿಕೊಂಡು ಹೋಗಿ. ಬೇಸಿಗೆ ಬೇಡ, ನವೆಂಬರಿನಿಂದ ಜನವರಿ ಚೆನ್ನ.

ನಾನು ನಿಂತು ನೋಡಿದ್ದು ಕೆತ್ತನೆಯನ್ನಷ್ಟೇ ಅಲ್ಲ, ಕಲ್ಲನ್ನೂ. ಇದೂ ಈ ಸೀಮೆಯ ಸುಣ್ಣದಕಲ್ಲೇ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೆತ್ತಿದ ಬೆರಳು, ಬಳೆ, ಮುತ್ತಿನ ಸರ ಇನ್ನೂ ಲೆಕ್ಕ ಹಾಕುವ ಹಾಗಿವೆ. ಮಣ್ಣಿನಡಿ ಇಷ್ಟು ಕಾಲ ಉಳಿದ ಕಲ್ಲನ್ನು ನಾನು ಒಂದು ವಾರಾಂತ್ಯದಲ್ಲಿ ಕೆಡಿಸಿದ್ದೆ. ಕಲ್ಲಿಗೆ ನನ್ನ ರಕ್ಷಣೆ ಅಷ್ಟೇನೂ ಬೇಕಿರಲಿಲ್ಲ. ಅದಕ್ಕೆ ಏನು ಆಗಿಬರುವುದಿಲ್ಲ ಅಂತ ನಾನು ತಿಳಿದುಕೊಂಡಿದ್ದರೆ ಸಾಕಿತ್ತು.

ಮೊದಲು ನೀರಿನ ದಾರಿ

ಮನೆಗೆ ಬಂದು ಮೇಸ್ತ್ರಿ ಹೇಳಿದ ಪರೀಕ್ಷೆ ಮಾಡಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಬೇಕು. ಒಳಗೆ ಹನಿ ಕಟ್ಟಿದ್ದರೆ, ಇಲ್ಲವೇ ಕಲ್ಲು ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ ಅಂತ ಅರ್ಥ. ಐದು ಕಡೆ ಅಂಟಿಸಿದ್ದೆ. ಪಡಸಾಲೆಯ ನಡುವಿನ ಎರಡು ಒಣಗಿದ್ದವು. ಹಿತ್ತಲ ಗೋಡೆ ಪಕ್ಕದ ಮೂರರಲ್ಲೂ ಹನಿ, ಅದೂ ಜನವರಿಯಲ್ಲಿ.

ಹಿತ್ತಲಿಗೆ ಹೋಗಿ ನೋಡಿದರೆ ಕಾರಣ ಕಣ್ಣ ಮುಂದೆಯೇ ಇತ್ತು. ಬಟ್ಟೆ ಒಗೆಯುವ ಕಲ್ಲಿನ ನೀರು ಹೊರಗೆ ಹೋಗದೆ ಗೋಡೆ ಬುಡದಲ್ಲಿ ಇಂಗುತ್ತಿತ್ತು. ಮಾಳಿಗೆಯ ಮಳೆ ನೀರಿನ ಪೈಪೂ ಅಲ್ಲೇ ಬಂದು ಬೀಳುತ್ತಿತ್ತು. ಪೈಪ್ ಉದ್ದ ಮಾಡಿಸಿ ಗಟಾರಕ್ಕೆ ಬಿಟ್ಟೆ. ಒಗೆಯುವ ಜಾಗಕ್ಕೆ ಇಳಿಜಾರು ಕೊಡಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಾಗಿದ್ದೂ, ಅತ್ಯಂತ ಹೆಚ್ಚು ಉಪಯೋಗವಾಗಿದ್ದೂ ಇದೇ.

ಮಾರ್ಚ್‌ನಲ್ಲಿ ಮೇಸ್ತ್ರಿ ಮಗನ ಜೊತೆ ಬಂದರು. ಲೇಪ ಕಿತ್ತುವ ದ್ರಾವಣವನ್ನು ಮೊದಲು ಮೂಲೆಯ ಒಂದು ಕಲ್ಲಿನ ಮೇಲೆ ಪರೀಕ್ಷಿಸಿ, ಆಮೇಲೆ ಉಳಿದ ಕಡೆ ಹಚ್ಚಿ ಕೆರೆದರು. ಈ ಸಲ ಆ್ಯಸಿಡ್ ಇಲ್ಲ. ನಂತರ ನೀರು ಹಾಕುತ್ತಾ ವಜ್ರದ ಪುಡಿಯ ಪ್ಯಾಡಿನಿಂದ ಮಷಿನ್ ಹೊಡೆದರು, ಮೊದಲು ಒರಟು ಪ್ಯಾಡು, ಆಮೇಲೆ ನುಣ್ಣನೆಯದು. ಕನ್ನಡಿ ಹೊಳಪಿಗೆ ಹೋಗುವ ಮೊದಲೇ ನಿಲ್ಲಿಸಿ ಅಂತ ನಾನೇ ಹೇಳಿದೆ. ಮುಟ್ಟಿದರೆ ನುಣುಪು, ಆದರೆ ಒದ್ದೆ ಕಾಲಿಗೆ ಹಿಡಿತ ಇರಬೇಕು. ಅಪ್ಪನನ್ನು ಕರೆದು ಬರಿಗಾಲಲ್ಲಿ ನಡೆಸಿ ನೋಡಿದೆವು.

ಆಮೇಲೆ ಒಂದು ತಿಂಗಳು ಏನೂ ಮಾಡಲಿಲ್ಲ. ನೆಲ ಒಣಗಬೇಕಿತ್ತು. ಕಲಬುರಗಿ ಬಿಸಿಲು ಅದನ್ನು ಪುಕ್ಕಟೆ ಮಾಡಿಕೊಟ್ಟಿತು.

ಸೀಲರ್ ಹಾಕುವುದಾದರೆ

ಸೀಲರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಮೇಲೆ ಪದರವಾಗಿ ಕೂರುವುದು. ಅಕ್ರಿಲಿಕ್, ಪಾಲಿಯುರೆಥೇನ್, ಎಪಾಕ್ಸಿ ಲೇಪಗಳು ಇದರಲ್ಲಿ ಬರುತ್ತವೆ. ಹೊಳೆಯುತ್ತವೆ, ಆದರೆ ತೇವ ಏರುವ ನೆಲಕ್ಕೆ ಶತ್ರು. ಇನ್ನೊಂದು ಕಲ್ಲಿನ ರಂಧ್ರದೊಳಗೆ ಇಳಿಯುವುದು. ಡಬ್ಬಿಯ ಮೇಲೆ ‘ಪೆನೆಟ್ರೇಟಿಂಗ್’ ಅಥವಾ ‘ಇಂಪ್ರೆಗ್ನೇಟಿಂಗ್’ ಅಂತ ಇರುತ್ತದೆ. ಸಿಲೇನ್, ಸಿಲೋಕ್ಸೇನ್ ತರಹದ ರಾಸಾಯನಿಕ. ಇದು ಮೇಲಿನ ನೀರು, ಎಣ್ಣೆ ಬೇಗ ಒಳಗಿಳಿಯದ ಹಾಗೆ ಮಾಡುತ್ತದೆ, ಒಳಗಿನ ಆವಿಯನ್ನು ಮಾತ್ರ ಹೊರಗೆ ಬಿಡುತ್ತದೆ. ನೆಲದ ರೂಪ ಹೆಚ್ಚೇನೂ ಬದಲಾಗುವುದಿಲ್ಲ. ‘ದುಡ್ಡು ಕೊಟ್ಟೆ, ಏನೂ ಕಾಣ್ತಿಲ್ಲವಲ್ಲ’ ಅನಿಸಿದರೆ ಕೆಲಸ ಸರಿಯಾಗಿದೆ ಅಂತ ಅರ್ಥ.

ಬೇಕೋ ಬೇಡವೋ ತಿಳಿಯಲು ಸುಲಭದ ಪರೀಕ್ಷೆ ಇದೆ. ನೆಲದ ಮೇಲೆ ಅಲ್ಲಲ್ಲಿ ಒಂದೊಂದು ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ. ಕಲ್ಲು ಕಪ್ಪಾಗಿದ್ದರೆ ನೀರು ಕುಡಿಯುತ್ತಿದೆ, ಸೀಲರ್ ಹಾಕಬಹುದು. ಬಣ್ಣ ಬದಲಾಗದಿದ್ದರೆ ಸದ್ಯಕ್ಕೆ ಬೇಡ. ಹಾಕಿದ ಮೇಲೂ ಆಗಾಗ ಇದೇ ಪರೀಕ್ಷೆ. ಕ್ಯಾಲೆಂಡರ್ ನೋಡಿ ಹಾಕಿಸುವುದಕ್ಕಿಂತ ನೆಲವನ್ನೇ ಕೇಳುವುದು ಒಳ್ಳೆಯದು.

ಹಾಕುವ ವಿಧಾನ ಕಷ್ಟವಿಲ್ಲ, ನಾನೂ ಅಪ್ಪನೂ ಸೇರಿ ಮಾಡಿದೆವು. ನೆಲ ಪೂರ್ತಿ ಒಣಗಿರಬೇಕು, ದೂಳಿರಬಾರದು. ಕಿಟಕಿ ಬಾಗಿಲು ತೆರೆದಿಡಬೇಕು, ಕೈಗೆ ಗ್ಲೌಸ್ ಬೇಕು. ಒಲೆ, ದೀಪ ಹತ್ತಿರ ಇರಬಾರದು. ಮೊದಲು ಮಂಚದ ಕೆಳಗಿನಂಥ ಮೂಲೆಯಲ್ಲಿ ಒಂದು ಕಲ್ಲಿಗೆ ಹಚ್ಚಿ ಮರುದಿನ ನೋಡಿ. ಬಣ್ಣ ಕೆಡದಿದ್ದರೆ ಮುಂದುವರಿಯಿರಿ. ಬಟ್ಟೆಯಿಂದ ತೆಳುವಾಗಿ ಹಚ್ಚಿ, ಡಬ್ಬಿಯಲ್ಲಿ ಬರೆದಷ್ಟು ನಿಮಿಷ ಬಿಟ್ಟು, ಕಲ್ಲು ಕುಡಿಯದೆ ಉಳಿದಿದ್ದನ್ನು ಒಣಗುವ ಮೊದಲೇ ಒರೆಸಿ ತೆಗೆಯಬೇಕು. ಇದನ್ನು ಮರೆತರೆ ಮೇಲೆ ಅಂಟಂಟಾದ ಮಬ್ಬು ಉಳಿಯುತ್ತದೆ. ನಾವು ಒಂದು ಸಲಕ್ಕೆ ಆರು ಕಲ್ಲು ಅಂತ ಲೆಕ್ಕ ಇಟ್ಟುಕೊಂಡೆವು. ನಾನು ಹಚ್ಚುವುದು, ಅಪ್ಪ ಎಡಗೈಯಲ್ಲಿ ಒರೆಸುವುದು. ಬಲಗೈ ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ.

ಹಿತ್ತಲ ಪಕ್ಕದ ಕೋಣೆಗೆ ಯಾವ ಸೀಲರನ್ನೂ ಹಾಕಲಿಲ್ಲ. ಅಲ್ಲಿ ತೇವ ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಾಯುವುದೂ ಒಂದು ಕೆಲಸ ಅಂತ ಈಗ ಗೊತ್ತಾಗಿದೆ.

ದಿನದ ಜತನ

ನಿಮ್ಮನೆಯಲ್ಲಿ ಶಹಾಬಾದ್, ಕೋಟಾ, ಕಡಪ, ತಾಂಡೂರು ಕಲ್ಲಿದ್ದರೆ ಎಲ್ಲವೂ ಸುಣ್ಣದಕಲ್ಲಿನ ಮನೆತನವೇ. ಮಾರ್ಬಲ್ ಕೂಡ ಅದರ ದಾಯಾದಿ. ಇವಕ್ಕೆಲ್ಲ ಆಮ್ಲ ಆಗದು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಲಿಂಬೆಹಣ್ಣಿನ ಭಯ ಅಷ್ಟಿಲ್ಲ.

ಒರೆಸುವ ಮೊದಲು ಕಸ ಗುಡಿಸಿ. ಹೊರಗಿನ ಮರಳಿನ ಕಣ ಸುಣ್ಣದಕಲ್ಲಿಗಿಂತ ತುಂಬಾ ಗಟ್ಟಿ, ಕಾಲಡಿಯಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಬಾಗಿಲಲ್ಲಿ ಒಂದು ಒಳ್ಳೆ ಮ್ಯಾಟ್ ದುಬಾರಿ ಸೀಲರಿಗಿಂತ ಹೆಚ್ಚು ಕಾಯುತ್ತದೆ. ಒರೆಸಲು ಬರೀ ನೀರು ಸಾಕು, ಬೇಕಿದ್ದರೆ ಆಮ್ಲವೂ ಕ್ಷಾರವೂ ಅಲ್ಲದ, ಲೇಬಲ್ಲಿನಲ್ಲಿ ‘ಪಿಎಚ್ ನ್ಯೂಟ್ರಲ್’ ಅಂತಿರುವ ದ್ರವ ಸ್ವಲ್ಪ. ಟಾಯ್ಲೆಟ್ ಕ್ಲೀನರ್, ವಿನೆಗರ್, ಲಿಂಬೆ ನೆಲಕ್ಕೆ ಬೇಡ. ಸಾರು, ಮಜ್ಜಿಗೆ, ಶರಬತ್ತು ಚೆಲ್ಲಿದರೆ ಕೂಡಲೇ ಒರೆಸಿ.

ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಒಣಗಲು ಬಿಟ್ಟು ಮೆಲ್ಲಗೆ ಕೆರೆಯಿರಿ. ಒಣಗುತ್ತಾ ಅದು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಳೆ ಕಲೆಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ನಮ್ಮ ಅಡುಗೆಮನೆ ಬಾಗಿಲಿನ ಕಪ್ಪು ಮೂರನೇ ಸಲಕ್ಕೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ದೇವರ ಕೋಣೆಯ ಕುಂಕುಮದ ಕಲೆ ತೆಗೆಯಬೇಡ ಅಂತ ಅವ್ವ ಹೇಳಿದಳು. ಬಿಟ್ಟೆವು.

ಇಷ್ಟೆಲ್ಲ ಆದ ಮೇಲೆ ಒಂದು ಮಳೆಗಾಲ ದಾಟಿದೆ. ಪಡಸಾಲೆ ಚೆನ್ನಾಗಿದೆ. ಹಿತ್ತಲ ಕೋಣೆಯ ಮೂಲೆಯಲ್ಲಿ ಸ್ವಲ್ಪ ಬಿಳಿ ಉಪ್ಪು ಎದ್ದಿತ್ತು, ಒಣ ಬ್ರಷ್‌ನಿಂದ ಗುಡಿಸಿದರೆ ಹೋಗುತ್ತದೆ. ಆ್ಯಸಿಡ್ ಆಳವಾಗಿ ತಿಂದಿದ್ದ ನಾಲ್ಕೈದು ಕಲ್ಲು ಉಳಿದವುಗಳಿಗಿಂತ ಮಂಕಾಗಿಯೇ ಇವೆ. ಬದಲಿಸಲು ಶಹಾಬಾದಿನಿಂದ ತಂದ ಹೊಸ ಚಪ್ಪಡಿಗಳು ಹಿತ್ತಲ ಗೋಡೆಗೆ ಒರಗಿ ನಿಂತಿವೆ. ಅವ್ವ ಅವುಗಳ ಮೇಲೆ ಶಂಡಿಗೆ ಒಣಹಾಕುತ್ತಾಳೆ, ಹಾಗಾಗಿ ಸದ್ಯಕ್ಕೆ ಅವು ನೆಲಕ್ಕೆ ಸಿಗುವ ಹಾಗಿಲ್ಲ.

ಟೈಲ್ಸ್ ಪಕ್ಷದಲ್ಲಿದ್ದ ಅಪ್ಪ ಈಗ ಎರಡು ತಿಂಗಳಿಗೊಮ್ಮೆ ಚಮಚದಲ್ಲಿ ನೀರು ಹಾಕಿ, ಕೈಗಡಿಯಾರ ನೋಡಿ, ಒರೆಸಿ, ಫೋಟೊ ತೆಗೆದು ವಾಟ್ಸ್ಆ್ಯಪಿಗೆ ಕಳಿಸುತ್ತಾರೆ. ಮೊನ್ನೆ ಬಂದಿದ್ದರಲ್ಲಿ ಅಡುಗೆಮನೆ ಬಾಗಿಲ ಹತ್ತಿರ ಒಂದು ಕಲ್ಲು ತುಸು ಕಪ್ಪಾಗಿತ್ತು. ಕೆಳಗೆ ಬರೆದಿದ್ದರು: “ಇಲ್ಲಿ ನೀರು ಕುಡೀಲತ್ತದ. ಬೇಸಿಗಿಗಿ ಬಂದಾಗ ಡಬ್ಬಿ ತಗೊಂಡು ಬಾ. ಈ ಸಲ ಹಚ್ಚೋದು ನಾ, ಒರಸೋದು ನೀ.”

ಟಿಕೆಟ್ ಬುಕ್ ಮಾಡಿದ್ದೇನೆ.